ಟ್ರ್ಯಾಕ್‌ಗೆ ಕನ್ವರ್ಟಿಬಲ್ಲೋ ಕೂಪೆಯೋ? ಮೊದಲು ಹೆಲ್ಮೆಟ್ ಹಾಕಿ ಕೂತು ನೋಡಿ

ಟ್ರ್ಯಾಕ್ ಡೇ ದಿನ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ, ಕಾರುಗಳನ್ನು ಒಳಗೆ ಬಿಡುವ ಮುಂಚೆ ಕೋಲು ಹಿಡಿದು ತಪಾಸಣೆ ಮಾಡುವವನು ನಾನು. ಹಾಗಾಗಿ ನನಗೆ ತಲೆ ಮೊದಲು, ಲ್ಯಾಪ್ ಟೈಮ್ ಆಮೇಲೆ.

ಕಾರು ನೋಡಲು ಹೋಗುವಾಗ ಹೆಲ್ಮೆಟ್ ತೊಗೊಂಡು ಹೋಗಿ. ಮಾರುವವರು ಒಂಥರಾ ನೋಡಬಹುದು, ನೋಡಲಿ ಬಿಡಿ. ಸೀಟನ್ನು ಓಡಿಸುವ ಜಾಗಕ್ಕೆ ಎಳೆದು, ಬೆಲ್ಟ್ ಬಿಗಿದು, ಬೆನ್ನು ಪೂರ್ತಿ ಒರಗಿಸಿ ಕೂರಿ. ಕನ್ವರ್ಟಿಬಲ್ (ರೂಫ್ ತೆರೆಯುವ ಕಾರು) ಆದರೆ ರೋಲ್ ಬಾರ್, ಅಂದರೆ ಪಲ್ಟಿಯಾದಾಗ ತಲೆ ಕಾಯಲು ಸೀಟಿನ ಹಿಂದೆ ಇರುವ ಗಟ್ಟಿ ಲೋಹದ ಕಮಾನು, ಅದರ ತುದಿಯಿಂದ ವಿಂಡ್‌ಶೀಲ್ಡ್‌ನ ಮೇಲಂಚಿಗೆ ಒಂದು ನೇರ ಕೋಲು ಇಡಿಸಿ. ಹೆಲ್ಮೆಟ್ ಆ ಕೋಲಿನ ಕೆಳಗಿರಬೇಕು. ಕೆಲವು ಕಡೆ ಮಧ್ಯೆ ಸುಮಾರು 5 ಸೆಂಟಿಮೀಟರ್ ಜಾಗವನ್ನೂ ಕೇಳುತ್ತಾರೆ. ನನ್ನ ಮುಂದೆ ಆಮೆ ಥರ ಕತ್ತು ಒಳಗೆ ಎಳೆದುಕೊಳ್ಳುವವರು ಇದ್ದಾರೆ. ಆ ಕತ್ತು ಮೊದಲ ತಿರುವಿನಲ್ಲೇ ಹೊರಗೆ ಬರುತ್ತದೆ, ಅಲ್ವಾ?

ಎತ್ತರದ ಆಳಾಗಿದ್ದರೆ ಮಾಜ್ದಾ ಎಂಎಕ್ಸ್-5ನಂಥ ಚಿಕ್ಕ ಕಾರಿನಲ್ಲಿ ಕಂಪನಿ ಸೀಟಿನ ಮೇಲೆ ಕೂತು ಪಾಸಾಗುವುದು ಕಷ್ಟ. ತೆಳ್ಳಗಿನ ಬಕೆಟ್ ಸೀಟನ್ನು ನೆಲಕ್ಕೆ ಹತ್ತಿರ ಕೂರಿಸಿದರೆ ಸ್ವಲ್ಪ ಜಾಗ ಸಿಗುತ್ತದೆ. ಅದೂ ಸಾಲದಿದ್ದರೆ ಕೂಪೆ (ತೆರೆಯದ ಗಟ್ಟಿ ರೂಫ್‌ನ, ಎರಡು ಬಾಗಿಲ ಕಾರು) ತೊಗೊಳ್ಳಿ, ಮಾತು ಮುಗೀತು. ಆದರೆ ಸನ್‌ರೂಫ್ ಇಲ್ಲದ್ದನ್ನೇ ಹುಡುಕಿ. ಅದರ ಚೌಕಟ್ಟು ತಲೆ ಮೇಲಿನ ಜಾಗವನ್ನೇ ತಿನ್ನುತ್ತದೆ.

ಇನ್ನು ಗಟ್ಟಿತನ. ಕಾರಿನ ಬಾಡಿ ತಿರುಚದಂತೆ ಹಿಡಿದಿಡುವುದರಲ್ಲಿ ರೂಫ್‌ಗೂ ಪಾಲಿದೆ. ಕೂಪೆಯ ರೂಫ್ ತೆಗೆದು ಮಾಡಿದ ಕನ್ವರ್ಟಿಬಲ್‌ಗೆ ಬಾಗಿಲ ಕೆಳಗೆ, ನೆಲದಲ್ಲಿ ಎಲ್ಲ ಎಕ್ಸ್‌ಟ್ರಾ ಲೋಹ ಸೇರಿಸಿರುತ್ತಾರೆ. ತೂಕ ಜಾಸ್ತಿ, ಆದರೂ ಕೂಪೆಯಷ್ಟು ಗಟ್ಟಿ ಬರುವುದಿಲ್ಲ. 1989ರ ಎಂಎಕ್ಸ್-5, 1999ರ ಹೋಂಡಾ ಎಸ್2000 ಶುರುವಿನಿಂದಲೇ ತೆರೆದ ಕಾರಾಗಿ ಹುಟ್ಟಿದವು, ಅವುಗಳ ಲೆಕ್ಕ ಬೇರೆ. ಅನುಮಾನ ಇದ್ದರೆ ಜಾಕ್ ಹಾಕಿ ಒಂದು ಮೂಲೆ ಎತ್ತಿ, ಬಾಗಿಲ ಸುತ್ತಲಿನ ಸಂದು ನೋಡಿ. ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾದರೆ ಬಾಡಿ ತಿರುಚುತ್ತಿದೆ ಅಂತ ಅರ್ಥ.

ಸದ್ದು, ಗಾಳಿ, ಬಿಸಿಲು? ಹೆಲ್ಮೆಟ್ ಒಳಗೆ ಎರಡರಲ್ಲೂ ಬೆವರು ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕೂಪೆ ತೊಗೊಂಡವರು ಮಾಡುವ ಒಂದು ಕೆಲಸ ನನಗೆ ಸರಿ ಕಾಣುವುದಿಲ್ಲ: ರೋಲ್ ಬಾರ್ ಇಲ್ಲದೆ ಹಾರ್ನೆಸ್ (ಎರಡೂ ಭುಜ, ಸೊಂಟ ಬಿಗಿಯುವ ರೇಸ್ ಬೆಲ್ಟ್) ಹಾಕುವುದು. ಕಾರು ಪಲ್ಟಿಯಾಗಿ ರೂಫ್ ಕುಸಿದರೆ ಹಾರ್ನೆಸ್ ನಿಮ್ಮನ್ನು ನೆಟ್ಟಗೆ ಹಿಡಿದಿರುತ್ತದೆ, ತಲೆಗೆ ಬಾಗಲು ಜಾಗ ಇರುವುದಿಲ್ಲ. ಬಾರ್ ಹಾಕುವವರೆಗೆ ಮಾಮೂಲಿ ಬೆಲ್ಟೇ ಸಾಕು.

ತಲೆ ಕೋಲಿನ ಕೆಳಗೆ ಕೂತರೆ ನಾನಂತೂ ಹಗುರವಾದ ಎಂಎಕ್ಸ್-5 ಕಡೆಗೇ ವಾಲುತ್ತೇನೆ, ಟೈರು, ಬ್ರೇಕ್ ಪ್ಯಾಡ್ ಬೇಗ ಸವೆಯುವುದಿಲ್ಲ. ಬಾರ್ ಮೊದಲೇ ಹಾಕಿರುವ ಕಾರಾದರೆ ಕಾರ್ಪೆಟ್ ಎತ್ತಿಸಿ ಅದರ ಕಾಲು ನೋಡಿ. ನೆಲದ ಕೆಳಗೂ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿದಿರಬೇಕು. ಸೀಟಿನ ಹಿಂದೆ ಅಂದಕ್ಕೆ ಕೂರಿಸಿದ ಹೊಳೆಯುವ ಕೊಳವೆಯನ್ನು ನಾನು ಪಾಸ್ ಮಾಡುವುದಿಲ್ಲ. ಕಂಪನಿಯೇ ಸೀಟಿನ ಹಿಂದೆ ಕೊಟ್ಟ ಹೂಪ್ (ಕಮಾನು) ಒಂದು ಟ್ರ್ಯಾಕ್‌ನಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ಇಲ್ಲ. ಅಡ್ವಾನ್ಸ್ ಕೊಡುವ ಮುಂಚೆ ನೀವು ಓಡಿಸಲಿರುವ ಟ್ರ್ಯಾಕ್‌ನವರನ್ನು ಕೇಳಿಬಿಡಿ.