ಹಳ್ಳದ ಕಲ್ಲಿಗೆ ಅಂಟ್ಕೊಂಡಿರೋ ಮೀನು ನೋಡೋದು ಹೆಂಗೆ

ಮೀನು ನೋಡೋದು ಅಂದ್ರೆ ನಮ್ ಕಡೆ ಎಲ್ರೂ ಶೃಂಗೇರಿಗೆ ಹೋಗಿ ತುಂಗೆ ದಡದಲ್ಲಿ ಮಂಡಕ್ಕಿ ಹಾಕಿ ಬರ್ತಾರೆ, ಇಲ್ಲಾ ತೀರ್ಥಹಳ್ಳಿ ಹತ್ರ ಚಿಪ್ಪಲಗುಡ್ಡೆಗೆ ಹೋಗ್ತಾರೆ. ಆದ್ರೆ ತೋಟದ ಹಿಂದೆ ಮೊಣಕಾಲುದ್ದ ಹರಿಯೋ ಹಳ್ಳದಲ್ಲೇ ಬೆರಳುದ್ದದ ಮೀನು ಬಂಡೆಗೆ ಅಂಟ್ಕೊಂಡಿರ್ತವೆ, ಎಷ್ಟೋ ಜನ ಅಲ್ಲೇ ಬಟ್ಟೆ ಒಗೆದ್ರೂ ಒಂದ್ಸಲನೂ ನೋಡಿರಲ್ಲ. ನಮ್ಮನೇಲಿ ಎಲ್ಲದಕ್ಕೂ ಕಲ್ಮೀನು ಅಂತಾನೇ ಕರೆಯೋದು, ಆದ್ರೆ ಅದ್ರಲ್ಲಿ ಬೇರೆ ಬೇರೆ ಜಾತಿ ಇದಾವೆ.

ಮಳೆಗಾಲದಲ್ಲಿ ಹೋಗ್ಬೇಡಿ. ನೀರು ಕೆಂಪಗಿರುತ್ತೆ, ಮೇಲೆ ಘಟ್ಟದಲ್ಲಿ ಮಳೆ ಹೊಡೆದ್ರೆ ಕೆಳಗೆ ಬಿಸಿಲಿದ್ರೂ ಹಳ್ಳ ಏರಿಬಿಡುತ್ತೆ. ದೀಪಾವಳಿ ಕಳೆದ್ಮೇಲಿಂದ ಶಿವರಾತ್ರಿ ತನಕ ಸರಿಯಾದ ಟೈಮು, ಬೆಳಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಬಿಸಿಲು ತಳಕ್ಕೆ ಬೀಳುತ್ತೆ. ಕಾಡಿನೊಳಗಿನ ಹಳ್ಳ ಆದ್ರೆ ಫಾರೆಸ್ಟಿನವರ ಪರ್ಮಿಷನ್ ತಗೊಂಡೇ ಹೋಗಿ.

ನೀರೊಳಗೆ ನೋಡೋಕೆ ಒಂದು ಬಕೆಟ್ ಮಾಡ್ಕೊಳ್ಳಿ. ಹಳೇ ಪೇಂಟ್ ಬಕೆಟ್ಟಿನ ತಳ ಕತ್ತರಿಸಿ ಪಾರದರ್ಶಕ ಅಕ್ರಿಲಿಕ್ ಶೀಟ್ ಇಟ್ಟು ಸಿಲಿಕಾನ್ ಗಮ್ ಹಾಕಿ ಒಂದು ದಿನ ಒಣಗಿಸಿ, ಅಷ್ಟೇ. ಅದನ್ನ ನೀರಿನ ಮೇಲೆ ಸ್ವಲ್ಪ ಒತ್ತಿ ಹಿಡಿದು ಒಳಗೆ ಇಣುಕಿದ್ರೆ ಅಲೆ ಇಲ್ದೆ ತಳ ಗಾಜಿನ ಹಾಗೆ ಕಾಣುತ್ತೆ, ಮಕ್ಕಳಂತೂ ಒಂದ್ಸಲ ನೋಡಿದ್ರೆ ಬಕೆಟ್ ವಾಪಸ್ ಕೊಡಲ್ಲ.

ಇನ್ನು ಮುಖ್ಯ ವಿಷ್ಯ ಹಳ್ಳಕ್ಕೆ ಇಳಿಯೋ ರೀತಿ. ಯಾವಾಗ್ಲೂ ಕೆಳಗಿನಿಂದ ಮೇಲಕ್ಕೆ ಹೋಗಿ, ಯಾಕಂದ್ರೆ ಇವು ನೀರು ಬರೋ ದಿಕ್ಕಿಗೆ ಮುಖ ಮಾಡ್ಕೊಂಡಿರ್ತವೆ, ನೀವು ಬೆನ್ನ ಹಿಂದೆ ಬಂದಂಗಾಗುತ್ತೆ, ಕಾಲಲ್ಲಿ ಎದ್ದ ಮಣ್ಣೂ ಹಿಂದಕ್ಕೇ ಹರ್ಕೊಂಡು ಹೋಗುತ್ತೆ. ನೆರಳು ಮುಂದೆ ಬೀಳದ ಹಾಗೆ ಕೂತ್ಕೊಂಡು ಹತ್ತು ನಿಮಿಷ ಅಲ್ಲಾಡ್ಬೇಡಿ. ಮೊದಲು ಬರೀ ಕಲ್ಲು ಕಾಣುತ್ತೆ, ಆಮೇಲೆ ಒಂದು ಕಲ್ಲು ಸರಕ್ಕಂತ ನಾಲ್ಕು ಇಂಚು ಮುಂದೆ ಹೋಗುತ್ತೆ, ಅದೇ ಮೀನು ಮಾರಾಯ್ರೆ!

ಗುರುತು ಹಿಡಿಯೋದು ಹೀಗೆ. ಗುಂಡಗಿನ ಮೈ, ಬಾಯಿ ತಲೆ ಕೆಳಗೆ, ಕೆಳತುಟಿ ಹಿಂದೆ ಸಣ್ಣ ತಟ್ಟೆ ಥರ ಇದ್ರೆ ಅದು ಗಾರಾ, ಆ ತಟ್ಟೆಯಿಂದ್ಲೇ ಕಲ್ಲಿಗೆ ಕಚ್ಕೊಳ್ಳೋದು, ಕಲ್ಲಿನ ಪಾಚಿ ಕೆರೆದು ತಿನ್ನುತ್ತೆ. ಪಶ್ಚಿಮ ಘಟ್ಟದಲ್ಲಿ ಸಾಮಾನ್ಯವಾಗಿ ಸಿಗೋ ಗಾರಾ ಮುಲ್ಯಾ ಅನ್ನೋದನ್ನ ಸೈಕ್ಸ್ ಅನ್ನೋರು 1839ರಲ್ಲೇ ವರ್ಣಿಸಿದ್ರು. ಮೈ ಚಪ್ಪಟೆ, ಎದೆ ರೆಕ್ಕೆ ಹೊಟ್ಟೆ ರೆಕ್ಕೆ ಎರಡೂ ಬೀಸಣಿಗೆ ಥರ ಅಡ್ಡಕ್ಕೆ ಹರಡಿಕೊಂಡಿದ್ರೆ ಅದು ಭವಾನಿಯಾ ಗುಂಪಿಂದು, ಅದಕ್ಕೆ ಇಡೀ ಹೊಟ್ಟೆನೇ ಅಂಟು. ಜೋರು ನೀರು ಧುಮುಕೋ ಬಂಡೆ ಮೇಲೆ ಹುಡುಕಿ. ಇನ್ನು ಉದ್ದ ಮೈ, ಅಡ್ಡ ಪಟ್ಟೆ, ಮೂರು ಜೊತೆ ಮೀಸೆ ಇದ್ದು ಕಲ್ಲಿನ ಸಂದಿಗೆ ನುಗ್ಗಿದ್ರೆ ಅದು ಲೋಚ್.

ಸುಂದರ್ ಲಾಲ್ ಹೋರಾ ಅಂತ ಮೀನಿನ ವಿಜ್ಞಾನಿ ಇದ್ರು, ಇಂಥ ಮೀನುಗಳನ್ನೇ ಹಿಡ್ಕೊಂಡು ಒಂದು ದೊಡ್ಡ ಪ್ರಶ್ನೆ ಕೇಳಿದ್ರು: ಜೋರು ನೀರಿಗೆ ಒಗ್ಗಿದ ಮೀನು ಬಯಲಿನ ನಿಧಾನದ ಹೊಳೆ ದಾಟಿ ಹಿಮಾಲಯದ ಕಡೆಯಿಂದ ಇಲ್ಲಿಗೆ ಹೆಂಗೆ ಬಂತು? ಮಧ್ಯ ಭಾರತದ ಸಾತ್ಪುರ ಬೆಟ್ಟಗಳ ದಾರಿಯಲ್ಲಿ ಅಂತ ಅವರ ವಾದ. ಅದನ್ನ ಎಲ್ರೂ ಒಪ್ಪಿಲ್ಲ, ಆದ್ರೂ ಬಕೆಟ್ ಹಿಡಿದು ಕೂತಾಗೆಲ್ಲ ನಂಗೆ ಈ ಪ್ರಶ್ನೆ ನೆನಪಾಗುತ್ತೆ.

ಕಲ್ಲು ಎತ್ಬೇಡಿ ಅಂತಾನೇ ಹೇಳ್ತೀನಿ. ಕಲ್ಲಿನ ಅಡಿ ಹುಳದ ಮರಿ, ಮೊಟ್ಟೆ ಎಲ್ಲ ಇರುತ್ತೆ. ಎತ್ತಿದ್ರೂ ಯಾವ ಮಗ್ಗುಲಿಗಿತ್ತೋ ಹಂಗೇ ನಿಧಾನ ವಾಪಸ್ ಇಡಿ. ಕೈಗೆ ಓಡೋಮಾಸ್ ಹಚ್ಕೊಂಡು ನೀರು ಮುಟ್ಬೇಡಿ, ಉಂಬಳ (ಜಿಗಣೆ) ಬಿಡಿಸೋಕೆ ಇಟ್ಕೊಂಡ ಸುಣ್ಣನೂ ಹಳ್ಳದೊಳಗೆ ಉದುರಿಸ್ಬೇಡಿ. ಮನೆ ಅಕ್ವೇರಿಯಂಗೆ ತರೋ ಆಸೆ ಬಿಡಿ. ಇವಕ್ಕೆ ಹರಿಯೋ ತಣ್ಣೀರು ಬೇಕು, 20 ಡಿಗ್ರಿ ನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತೆ, 30 ಡಿಗ್ರಿ ಆದ್ರೆ ಏಳೂವರೆಗೆ ಇಳಿಯುತ್ತೆ. ಹಳ್ಳದ ದಡದ ಹೊಳೆಮತ್ತಿ, ವಾಟೆ ಕಡಿಬೇಡಿ ಅನ್ನೋದೂ ಇದಕ್ಕೇ, ನೆರಳು ಹೋದ್ರೆ ನೀರು ಕಾಯುತ್ತೆ.

ಅಡಿಕೆ ತೋಟ ಇರೋರಿಗೆ ಒಂದು ಮಾತು. ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದ್ಮೇಲೆ ಡ್ರಮ್ಮು, ಪೈಪು ಹಳ್ಳದಲ್ಲಿ ತೊಳಿಯೋ ಅಭ್ಯಾಸ ಎಷ್ಟೋ ಕಡೆ ಇದೆ, ನಮ್ಮನೇಲೂ ಇತ್ತು. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ ಹಾಕಿರ್ತೀವಿ, ಅದ್ರಲ್ಲಿರೋ ತಾಮ್ರ ಮೀನಿನ ಕಿವಿರಿಗೆ ವಿಷ, ಪಾಚಿಗೂ ಅಷ್ಟೇ. ಈಗ ನಾವು ತೊಳೆದ ನೀರನ್ನೇ ಮುಂದಿನ ಸಲದ ಔಷಧಿ ಕಲಸೋಕೆ ಇಟ್ಕೊಳ್ತೀವಿ, ಖರ್ಚೂ ಇಲ್ಲ ಎಂತದೂ ಇಲ್ಲ.

ಫೋಟೋ ಬೇಕಾದ್ರೆ ನೀರೊಳಗೇ ಮೇಲಿಂದ ಒಂದು, ಪಕ್ಕದಿಂದ ಒಂದು ತೆಗೀರಿ, ತಾರೀಕು, ಹಳ್ಳದ ಹೆಸರು, ನೀರಿನ ಆಳ ಬರ್ಕೊಳ್ಳಿ. ಆನ್‌ಲೈನ್ ಹಾಕುವಾಗ ಸರಿಯಾದ ಜಾಗ ಮಾತ್ರ ತೋರಿಸ್ಬೇಡಿ, ಊರಿನ ಹೆಸರು ಸಾಕು.