ಐದು ವರ್ಷದ ಮಗುವಿನ ಹಾಲುಹಲ್ಲಿಗೆ ರೂಟ್ ಕೆನಾಲ್: ನನ್ನ ಅನುಭವ

ಕೆಳದವಡೆಯ ಎಡಗಡೆಯ ಕೊನೆಯ ಹಾಲುಹಲ್ಲು ಹುಳುಕಾಗಿ, ನಾಲ್ಕು ರಾತ್ರಿ ನೋವಿನಿಂದ ಎದ್ದು ಕುಳಿತು ಅತ್ತಿದ್ದ ಐದು ವರ್ಷದ ಹುಡುಗಿಯನ್ನು ತಾಯಿ ಮತ್ತು ಅಜ್ಜಿ ನನ್ನ ಬಳಿಗೆ ಕರೆತಂದರು. "ಹೇಗಿದ್ದರೂ ಬಿದ್ದುಹೋಗುವ ಹಲ್ಲು ತಾನೇ, ಕಿತ್ತುಬಿಡಿ ಡಾಕ್ಟ್ರೇ" ಎಂದರು ಅಜ್ಜಿ. ಆದರೆ ಆ ಹಲ್ಲು ಉದುರುವುದು 10ರಿಂದ 12ನೆಯ ವಯಸ್ಸಿನಲ್ಲಿ. ಸುಮಾರು 6ನೆಯ ವರ್ಷಕ್ಕೆ ಅದರ ಹಿಂದೆ ಮೂಡುವ ಶಾಶ್ವತ ದವಡೆಹಲ್ಲು ಇದೇ ಹಾಲುಹಲ್ಲಿನ ಬೇರಿಗೆ ಒರಗಿಕೊಂಡು ಮೇಲೇರುತ್ತದೆ. ಆ ಆಸರೆ ಈಗಲೇ ಹೋದರೆ ಅದು ಮುಂದಕ್ಕೆ ವಾಲಿ, ಕೆಳಗೆ ಬೆಳೆಯುತ್ತಿರುವ ಇನ್ನೊಂದು ಹಲ್ಲಿನ ಜಾಗವನ್ನು ಕಸಿದುಕೊಳ್ಳುತ್ತದೆ. ಇದನ್ನು ಎಕ್ಸ್-ರೇಯಲ್ಲೇ ತೋರಿಸಿದಾಗ ಅಜ್ಜಿ ಒಪ್ಪಿದರು.

ಬೇರುಗಳು ಕವಲೊಡೆಯುವಲ್ಲಿ ಮೂಳೆ ಸ್ವಲ್ಪ ಕರಗಿತ್ತಾದರೂ ಬೇರುಗಳು ಗಟ್ಟಿಯಾಗಿದ್ದವು. ಹಲ್ಲಿನೊಳಗಿನ ನರ-ರಕ್ತನಾಳಗಳ ಮೆದು ತಿರುಳಿನಲ್ಲಿ ಮೇಲಿನ ಭಾಗವನ್ನಷ್ಟೇ ತೆಗೆಯುವ ಪಲ್ಪಾಟಮಿಗೆ ಕಾಲ ಮೀರಿತ್ತು; ಬೇರಿನೊಳಗಿನ ತಿರುಳನ್ನೂ ತೆಗೆದು ತುಂಬುವ ರೂಟ್ ಕೆನಾಲ್ ಮಾಡಬೇಕಿತ್ತು.

ಮೊದಲ ಇಪ್ಪತ್ತು ನಿಮಿಷ ನಾನು ಯಾವ ಉಪಕರಣವನ್ನೂ ಬಾಯಿಗೆ ಒಯ್ಯಲಿಲ್ಲ. ನೀರು ಚಿಮ್ಮಿಸುವ ಸಿರಿಂಜನ್ನು ಅವಳ ಅಂಗೈಗೆ ಹಿಡಿದೆ, ಡ್ರಿಲ್ಲಿನ ಸದ್ದನ್ನು ದೂರದಿಂದ ಕೇಳಿಸಿದೆ. ನೋವೇ ಆಗದು ಎಂದು ನಾನು ಯಾವ ಮಗುವಿಗೂ ಹೇಳುವುದಿಲ್ಲ. "ಚುಚ್ಚಿದ್ದು ಸ್ವಲ್ಪ ಗೊತ್ತಾಗುತ್ತೆ ಪುಟ್ಟಿ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತೆ" ಎಂದೆ, ಅವಳು ಎಣಿಸಿದಳು. ಅವಳ ತೂಕ 16 ಕಿಲೋ. ಕಿಲೋಗೆ 4.4 ಮಿಲಿಗ್ರಾಂನಂತೆ, ಮರಗಟ್ಟಿಸುವ ಔಷಧಿ ಲಿಗ್ನೊಕೇನಿನ ಗರಿಷ್ಠ ಮಿತಿ ಸುಮಾರು 70 ಮಿಲಿಗ್ರಾಂ, ಅಂದರೆ ಶೇ. 2ರ ದ್ರಾವಣದಲ್ಲಿ 3.5 ಮಿ.ಲೀ.; 1.5 ಮಿ.ಲೀ.ನಲ್ಲೇ ಕೆಲಸವಾಯಿತು.

ಹಾಲುಹಲ್ಲಿನ ಬೇರುಗಳು ತೆಳ್ಳಗಿದ್ದು ಹೊರಕ್ಕೆ ಬಾಗಿರುತ್ತವೆ, ಅವುಗಳ ನಡುವೆ ಶಾಶ್ವತ ಹಲ್ಲಿನ ಮೊಳಕೆ ಕುಳಿತಿರುತ್ತದೆ. ಆದ್ದರಿಂದ ಹಲ್ಲನ್ನು ಬಾಯಿಯ ಉಳಿದ ಭಾಗದಿಂದ ಬೇರ್ಪಡಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಹಾಕಿ, ಬೇರಿನ ನಾಳವನ್ನು ಕೆರೆದು ಶುಚಿಮಾಡುವ ಸಣ್ಣ ಸೂಜಿಯಂಥ ಫೈಲನ್ನು ಬೇರಿನ ತುದಿಗಿಂತ ಒಂದೆರಡು ಮಿಲಿಮೀಟರ್ ಮೊದಲೇ ನಿಲ್ಲಿಸಿ, ನಾಳಗಳನ್ನು ಹೆಚ್ಚು ಅಗಲಿಸದೆ, ಕ್ರಿಮಿನಾಶಕವಾದ ಶೇ. 1ರ ಸೋಡಿಯಂ ಹೈಪೊಕ್ಲೋರೈಟಿನಿಂದ ಒತ್ತಡವಿಲ್ಲದೆ ತೊಳೆದೆ. ದೊಡ್ಡವರ ಹಲ್ಲಿಗೆ ತುಂಬುವ ರಬ್ಬರಿನಂಥ ಗಟ್ಟಾಪರ್ಚಾ ಇಲ್ಲಿ ಸಲ್ಲದು, ಏಕೆಂದರೆ ಹಾಲುಹಲ್ಲಿನ ಬೇರು ಕರಗುವಾಗ ಅದು ಕರಗದೆ ಉಳಿದು ಹೊಸ ಹಲ್ಲಿಗೆ ಅಡ್ಡವಾಗುತ್ತದೆ. ದೇಹವೇ ಹೀರಿಕೊಳ್ಳಬಲ್ಲ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಅಯೊಡೋಫಾರ್ಮಿನ ಪೇಸ್ಟನ್ನು ತುಂಬಿ, ಮೇಲೆ ಸ್ಟೀಲ್ ಕ್ಯಾಪ್ ಕೂರಿಸಿದೆ. ಕ್ಯಾಪ್ ಬೇಡವೆಂದು ಖರ್ಚು ಉಳಿಸಲು ಕೇಳುವವರಿದ್ದಾರೆ. ತಿರುಳು ತೆಗೆದ ದವಡೆಹಲ್ಲು ಬೇಗ ಸೀಳುವುದರಿಂದ ಈ ಒಂದು ವಿಷಯದಲ್ಲಿ ನಾನು ಮಣಿಯುವುದಿಲ್ಲ.

ವೃತ್ತಿಯ ಮೊದಲ ವರ್ಷದಲ್ಲಿ ನನ್ನಿಂದ ಒಂದು ತಪ್ಪಾಗಿತ್ತು. ಮರಗಟ್ಟಿದ ತುಟಿಯ ಬಗ್ಗೆ ಬಾಗಿಲಲ್ಲಿ ನಿಂತು ಅವಸರದಲ್ಲಿ ಹೇಳಿ ಕಳಿಸಿದ್ದೆ. ಆ ಮಗು ತುಟಿಯನ್ನು ಅಗಿದು, ಮರುದಿನ ಅದು ಊದಿಕೊಂಡು ಹುಣ್ಣಾಗಿತ್ತು. ಅಂದಿನಿಂದ ಎರಡು ಮೂರು ಗಂಟೆ ಏನನ್ನೂ ತಿನ್ನಿಸಬಾರದೆಂದು ಚೀಟಿಯಲ್ಲಿ ಬರೆದುಕೊಡುತ್ತೇನೆ, ಸಂಜೆ ನಾನೇ ಫೋನ್ ಮಾಡಿ ವಿಚಾರಿಸುತ್ತೇನೆ.

ಆರು ತಿಂಗಳ ನಂತರದ ಎಕ್ಸ್-ರೇಯಲ್ಲಿ ಕರಗಿದ್ದ ಮೂಳೆ ಮತ್ತೆ ತುಂಬಿಕೊಂಡಿತ್ತು. ಕ್ಯಾಪಿನ ಹಿಂದೆ ಒಸಡಿನಿಂದ ಶಾಶ್ವತ ಹಲ್ಲಿನ ಬಿಳಿ ತುದಿ ನೆಟ್ಟಗೆ ಇಣುಕುತ್ತಿತ್ತು. ಕನ್ನಡಿಯಲ್ಲಿ ಅದನ್ನು ಮೊದಲು ತೋರಿಸಿದ್ದು ಅಜ್ಜಿಗೆ.