ಜೀರುಂಡೆಗೆ ಪೇಪರ್ ಲೋಟದ ಹೊಟ್ಟೆ

ಪುನರ್ವಸು ಮಳೆ ಹಿಡಿದು ಮೂರು ದಿನವಾಗಿತ್ತು. ಶಾಲೆಗೆ ರಜೆ. ಕೊಡಗಿನ ಸೋಮವಾರಪೇಟೆ ಕಡೆಯ ಜುಲೈ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹೋದ ಕರೆಂಟ್ ಬರುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ. ಮೊಬೈಲ್ ಚಾರ್ಜ್ ಖಾಲಿ. ಮಗಳಿಗೆ 8 ವರ್ಷ, ಮಗನಿಗೆ 5. ಸಾಲದ್ದಕ್ಕೆ ತೋಟದ ಕೆಲಸದವರ ಲೈನ್ ಮನೆಯ ಇಬ್ಬರು ಹುಡುಗಿಯರು ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಬಂದು ಜಗಲಿಯಲ್ಲಿ ಕೂತಿದ್ದರು.

ಹಿಂದಿನ ರಾತ್ರಿ ಕ್ಯಾಂಡಲ್ ಹತ್ತಿರ ಒಂದು ಪತಂಗ ಸುತ್ತುತ್ತಿತ್ತು. ಅದರ ನೆರಳು ಗೋಡೆ ಮೇಲೆ ಮೊರದಷ್ಟು ದೊಡ್ಡದಾಗಿ ಬಿದ್ದಾಗ ಮಗ ಹೆದರಿ ನನ್ನ ಮಡಿಲಿಗೆ ನುಗ್ಗಿದ್ದ. ಮಗಳು ಮಾತ್ರ "ಅಮ್ಮ, ಇನ್ನೊಂದ್ಸಲ ಹಾಗೆ ಮಾಡೋಕೆ ಹೇಳು ಅದಕ್ಕೆ" ಅಂದಿದ್ದಳು. ಪತಂಗ ನಮ್ಮ ಮಾತು ಕೇಳುತ್ತಾ? ನಾವೇ ಹುಳಗಳ ಗೊಂಬೆ ಮಾಡಿಕೊಳ್ಳೋಣ ಅಂತ ಶುರು ಮಾಡಿದೆವು.

ಮೊದಲ ದಿನ ಮಾಡಿದ್ದೆಲ್ಲ ಹಾಳು. ಬಿಳಿ ಹಾಳೆಯಲ್ಲಿ ಚಿಟ್ಟೆ, ಜೇನುಹುಳ ಬರೆದು, ನೀರಿನ ಬಣ್ಣ ಹಚ್ಚಿ, ಕತ್ತರಿಸಿ, ಸುಟ್ಟು ಉಳಿದ ಊದುಬತ್ತಿ ಕಡ್ಡಿಗೆ ಗಮ್ ಹಾಕಿ ಅಂಟಿಸಿದೆವು. ಸಂಜೆ ನೋಡಿದರೆ ಒಂದೊಂದೂ ಹೆಂಚಿಗೆ ಹಾಕುವ ಮುಂಚಿನ ಅಕ್ಕಿ ರೊಟ್ಟಿಯ ಹಾಗೆ ಬಾಗಿ ನೇತಾಡುತ್ತಿತ್ತು. ಬಣ್ಣ ಒಣಗಿರಲಿಲ್ಲ, ಗಮ್ ಹಿಡಿದಿರಲಿಲ್ಲ. ನಮ್ಮ ಮಳೆಗಾಲದ ಗಾಳಿಯೇ ಒದ್ದೆ, ಕಾಗದ ಅದನ್ನೆಲ್ಲ ಹೀರುತ್ತದೆ. ಬಯಲುಸೀಮೆಯವರಿಗೆ ಈ ತಾಪತ್ರಯ ಇರಲಿಕ್ಕಿಲ್ಲ.

ಮರುದಿನ ಕಪಾಟಿನಿಂದ ಹಳೇ ಮದುವೆ ಕಾಗದಗಳ ಕಟ್ಟು ತೆಗೆದೆ. ಅದಕ್ಕೇನೂ ನಮ್ಮಲ್ಲಿ ಬರ ಇಲ್ಲ. ದಪ್ಪ ರಟ್ಟಿನದು ಬಾಗಲ್ಲ. ನುಣುಪಿನ ಕಡೆ ಬಣ್ಣ ನಿಲ್ಲಲ್ಲ, ಆದ್ದರಿಂದ ಒರಟು ಕಡೆಗೆ ಮೇಣದ ಬಣ್ಣ. ಊದುಬತ್ತಿ ಕಡ್ಡಿ ಬಿಟ್ಟು ತೆಂಗಿನ ಪೊರಕೆಯಿಂದ ದಪ್ಪ ಕಡ್ಡಿ ಕಿತ್ತುಕೊಂಡೆವು. ಅತ್ತೆ ಅಡುಗೆಮನೆಯಿಂದಲೇ ಗದರಿದರು. ಪೊರಕೆ ಈಗಲೂ ಬೋಳಾಗಿಯೇ ಇದೆ.

ಅಂಟಿಗೆ ಮೈದಾ ಕಾಯಿಸಿದೆ. ನನ್ನಮ್ಮ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದಳು, ಹುಳ ತಿನ್ನದಿರಲಿ ಅಂತ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದು ಉಳಿದ ಮೈಲುತುತ್ತು ಶೆಡ್‌ನಲ್ಲಿ ಬೇಕಾದಷ್ಟಿತ್ತು. ಆದರೆ ಅದು ವಿಷ, 5 ವರ್ಷದ ಹುಡುಗನ ಕೈ ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ ಅಲ್ವಾ. ಬರೀ ಮೈದಾ ಸಾಕು ಅಂದುಕೊಂಡೆ. ಬೆಳಗ್ಗೆ ಎದ್ದರೆ ಚಿಟ್ಟೆಯ ಒಂದು ರೆಕ್ಕೆಯ ಅಂಚು ಗರಗಸದ ಹಾಗಾಗಿತ್ತು. ಜಿರಲೆ ಕೆಲಸ. ಮಗಳು ಅತ್ತಳು, ಮಗ ಬಿದ್ದು ಬಿದ್ದು ನಕ್ಕ. ಅವನಿಗೆ ಹುಳವೇ ಹುಳವನ್ನು ತಿಂದಿದ್ದು ಬಹಳ ಹಿಡಿಸಿತ್ತು.

ಅಲ್ಲಿಗೆ ಅಂಟಿನ ಸಹವಾಸ ಬಿಟ್ಟು ಸೂಜಿ ಹಿಡಿದೆ. ಇದೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಗೊಂಬೆ ಆಡುವುದೂ ಆಡದಿರುವುದೂ ಇದರ ಮೇಲೇ ನಿಂತಿದೆ. ಮೈ ಒಂದು ತುಂಡು, ರೆಕ್ಕೆ ಇನ್ನೊಂದು. ಎರಡನ್ನೂ ಒಂದರ ಮೇಲೊಂದಿಟ್ಟು ದಬ್ಬಣದಲ್ಲಿ ತೂತು ಮಾಡಿ. ಹಳೇ ಶರ್ಟಿನ ಗುಂಡಿ ಒಂದು ಮುಂದೆ, ಒಂದು ಹಿಂದೆ ಇಟ್ಟು, ದಾರವನ್ನು ಎರಡು ಸಲ ಆಚೀಚೆ ಎಳೆದು ಗಂಟು ಹಾಕಬೇಕು. ಬಿಗಿಯಾದರೆ ರೆಕ್ಕೆ ಅಲ್ಲಾಡಲ್ಲ, ಸಡಿಲವಾದರೆ ಜೋತು ಬೀಳುತ್ತೆ. ನಾನು ಗುಂಡಿ ಮತ್ತು ರಟ್ಟಿನ ನಡುವೆ ಒಂದು ಬೆಂಕಿಕಡ್ಡಿ ಇಟ್ಟು ಗಂಟು ಹಾಕಿ, ಆಮೇಲೆ ಕಡ್ಡಿ ಎಳೆದು ತೆಗೆದೆ. ಅಷ್ಟು ಸಂದು ಸರಿಯಾಗಿ ಸಾಕು. ಮೈಗೆ ಒಂದು ಪೊರಕೆ ಕಡ್ಡಿ, ರೆಕ್ಕೆಗೆ ಒಂದು. ಸೂಜಿ, ದಬ್ಬಣ ಎರಡೂ ನನ್ನ ಕೈಯಲ್ಲೇ ಇದ್ದವು, ಉಳಿದದ್ದು ಮಕ್ಕಳದು.

ಮಾವ ಅಷ್ಟೊತ್ತಿಗೆ ಕಾಫಿ ಹಿಡಿದುಕೊಂಡು ಬಂದು ಕೂತರು. ಮಗಳು ಅವರಿಗಾಗಿಯೇ ಬೋರರ್, ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳ, ಮಾಡುತ್ತಿದ್ದಳು. ಅರೇಬಿಕಾ ಕಾಫಿ ಬೆಳೆಯುವವರ ಮನೆಯಲ್ಲಿ ಬಿಳಿ ಕಾಂಡಕೊರಕದ ಹೆಸರು ಕೇಳದ ಮಗು ಇಲ್ಲ. ಕಪ್ಪು ಮೈ, ಬಿಳಿ ಪಟ್ಟೆ, ನೋಡಲಿಕ್ಕೆ ಚಂದವೇ. ಅದು ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ, ಮರಿ ಕಾಂಡದೊಳಗೆ ಸುರಂಗ ಕೊರೆಯುತ್ತೆ, ಗಿಡ ಸೊರಗುತ್ತೆ. ಮಾವ ಗೊಂಬೆಯನ್ನು ತಿರುಗಿಸಿ ನೋಡಿ, "ಪುಟ್ಟಿ, ಕಾಲನ್ನ ಹೊಟ್ಟೆಗೆ ಹಾಕಿದ್ದೀಯಲ್ಲ" ಅಂದರು.

"ಮತ್ತೆಲ್ಲಿ ಹಾಕ್ಬೇಕು ತಾತ?"

"ಎದೆಗೆ. ಆರೂ ಎದೆಗೇ. ರೆಕ್ಕೆನೂ ಅಲ್ಲಿಂದಲೇ. ಹೊಟ್ಟೆ ಸುಮ್ನೆ ಹಿಂದೆ ಬರುತ್ತೆ ಅಷ್ಟೆ."

ನಿಜ ಹೇಳಬೇಕೆಂದರೆ ನಾನೂ ನೋಡಿರಲಿಲ್ಲ. ಶಾಲೆಯಲ್ಲಿ ತಲೆ, ಎದೆ, ಹೊಟ್ಟೆ ಅಂತ ಬಾಯಿಪಾಠ ಮಾಡಿದ್ದೆ. ಆದರೆ ಆ ದಿನ ನಾನು ಬರೆದುಕೊಟ್ಟ ಜೇನುಹುಳಕ್ಕೆ ಕಾಲು ಹೊಟ್ಟೆಯುದ್ದಕ್ಕೂ ಸಾಲಾಗಿದ್ದವು. ಎಲ್ಲವನ್ನೂ ಕಿತ್ತು ಎದೆಗೆ ಸೇರಿಸಿದೆವು. ಅದರಿಂದ ಇನ್ನೊಂದು ಲಾಭವಾಯಿತು. ಕಡ್ಡಿ, ಕಾಲು, ರೆಕ್ಕೆ ಎಲ್ಲ ಒಂದೇ ಕಡೆ ಸೇರಿದ್ದರಿಂದ ಹೊಟ್ಟೆ ತನ್ನಷ್ಟಕ್ಕೆ ಕೆಳಗೆ ಬಾಗಿ, ಹುಳ ಹಾರುತ್ತಿದೆ ಅನ್ನಿಸಿತು. ಇಂಬಳ ಮಾಡುತ್ತೇನೆಂದು ಹಟ ಹಿಡಿದಿದ್ದ ಮಗ ಕಾಲು ಎಣಿಸಲು ಹೋಗಿ, ಒಂದೂ ಇಲ್ಲದ್ದು ನೋಡಿ, "ಇದು ಹುಳಾನೇ ಅಲ್ಲ" ಅಂತ ತಾನೇ ಬಿಟ್ಟ. ಜೇಡಕ್ಕೆ ಎಂಟು ಕಾಲು ಅಂತ ಅದನ್ನೂ ಹೊರಗಿಟ್ಟರು. ನಾನು ಒಂದು ಜೇಡ ಇರಲಿ ಅಂದೆ, ಯಾರೂ ಒಪ್ಪಲಿಲ್ಲ.

ಮಗ ಬೇರೇನು ಮಾಡುವುದು ಅಂತ ಕೇಳಿದಾಗ ಜೀರುಂಡೆ ಅಂದೆ. ಏಪ್ರಿಲ್‌ನಲ್ಲಿ ತೋಟಕ್ಕೆ ಹೋದರೆ ಕಿವಿ ತುಂಬುವ ಆ ಸದ್ದು ಇಲ್ಲದೆ ಜೀರುಂಡೆ ಗೊಂಬೆ ಮಾಡಿ ಏನು ಪ್ರಯೋಜನ? ಜೀರುಂಡೆ ಬಾಯಿಂದ ಕೂಗಲ್ಲ. ಗಂಡು ಜೀರುಂಡೆಯ ಹೊಟ್ಟೆಯ ಬುಡದಲ್ಲಿ ಎರಡೂ ಬದಿಗೆ ಗೀರುಗಳಿರುವ ತೆಳು ಪೊರೆ ಇರುತ್ತೆ. ಅದನ್ನು ಒಳಗಿನ ಮಾಂಸಖಂಡ ಎಳೆದು ಬಿಟ್ಟು ಮಾಡಿದಾಗ ಟಕಟಕ ಅನ್ನುತ್ತೆ. ಹೊಟ್ಟೆ ಹೆಚ್ಚುಕಮ್ಮಿ ಟೊಳ್ಳು, ಆದ್ದರಿಂದ ಸದ್ದು ಅಷ್ಟು ಜೋರಾಗುತ್ತೆ. ನಮ್ಮ ಜೀರುಂಡೆಗೂ ಟೊಳ್ಳು ಹೊಟ್ಟೆ ಬೇಕಿತ್ತು. ಯಾವುದೋ ನಾಮಕರಣದಲ್ಲಿ ಉಳಿದಿದ್ದ ಪೇಪರ್ ಲೋಟ ಸಿಕ್ಕಿತು.

ಲೋಟದ ತಳಕ್ಕೆ ಸಣ್ಣ ತೂತು. ಗೋಣಿ ಹೊಲಿಯುವ ದಾರ ಒಂದೂವರೆ ಅಡಿ. ತಳದ ಹೊರಗೆ ಬೆಂಕಿಕಡ್ಡಿ ತುಂಡಿಗೆ ಕಟ್ಟಿ, ದಾರವನ್ನು ಲೋಟದ ಒಳಗಿಂದ ಬಾಯಿಯ ಕಡೆ ಇಳಿಬಿಡಬೇಕು. ಒದ್ದೆ ಬಟ್ಟೆಯ ತುಂಡಿನಲ್ಲಿ ದಾರವನ್ನು ಚಿವುಟಿ ಹಿಡಿದು ಕೆಳಕ್ಕೆ ಜಗ್ಗಿ ಜಗ್ಗಿ ಎಳೆದರೆ ಕ್ರೇಂಕ್, ಕ್ರೇಂಕ್ ಅಂತ ಇಡೀ ಮನೆಗೆ ಕೇಳುತ್ತೆ. ಮೊದಲ ಸಲ ಎಳೆದಾಗ ನಾಯಿ ಎದ್ದು ಬೊಗಳಿತು. ಲೋಟದ ಹೊರಗೆ ರಟ್ಟಿನ ತಲೆ, ಎದೆ, ನಾಲ್ಕು ರೆಕ್ಕೆ. ಒದ್ದೆ ಬಟ್ಟೆಗೇನೂ ಆ ವಾರ ಕೊರತೆ ಇರಲಿಲ್ಲ. ಗಂಡು ಮಾತ್ರ ಕೂಗೋದು ಅಂತ ಕೇಳಿ ಮಗ, "ಹಾಗಾದ್ರೆ ಅಕ್ಕ ಎಳೆಯೋ ಹಾಗಿಲ್ಲ" ಅಂತ ಕಾನೂನು ಮಾಡಿದ. ಅದು ಹತ್ತು ನಿಮಿಷವೂ ನಡೆಯಲಿಲ್ಲ.

ರಾತ್ರಿ ಆಟ. ಬಾಗಿಲಿಗೆ ಮಾವನ ಬಿಳಿ ಪಂಚೆ ಕಟ್ಟಿದೆವು. ಪಂಚೆ ಹತ್ತಿರ ಕ್ಯಾಂಡಲ್ ಬೇಡ ಅಂತ ಟಾರ್ಚ್ ಇಟ್ಟೆ. ಬೆಳಕೇನೋ ಚೆನ್ನಾಗಿತ್ತು, ಆದರೆ ನೆರಳೆಲ್ಲ ಕಪ್ಪು. ಮಕ್ಕಳು ಗಂಟೆಗಟ್ಟಲೆ ಹಚ್ಚಿದ ಬಣ್ಣ ಯಾರಿಗೂ ಕಾಣಲಿಲ್ಲ. ತೊಗಲು ಗೊಂಬೆಯವರು ಚರ್ಮವನ್ನು ಬೆಳಕು ತೂರುವಷ್ಟು ಹೆರೆದು ತೆಳ್ಳಗೆ ಮಾಡುತ್ತಾರಲ್ಲ, ಅದಕ್ಕೇ ಅವರ ಬಣ್ಣ ಪರದೆಯಲ್ಲಿ ಹೊಳೆಯುತ್ತೆ. ನಮ್ಮದು ರಟ್ಟು.

ಉಪಾಯ ಸಿಕ್ಕಿದ್ದು ಮಗಳ ತಲೆಯಿಂದ, ಅಂದರೆ ನಿಜವಾಗಿಯೂ ತಲೆಯಿಂದ. ನಾನು ಎಣ್ಣೆ ಹಚ್ಚಿ ಬಾಚುವಾಗ ಅವಳ ನೋಟ್‌ಬುಕ್ ಹಾಳೆಗೆ ಕೊಬ್ಬರಿ ಎಣ್ಣೆ ತಾಗಿ ಆ ಜಾಗ ಬೆಳಕು ತೂರುವ ಗಾಜಿನ ಹಾಗಾಯಿತು. ತಕ್ಷಣ ಎರಡು ಹಾಳೆಗೆ ಮೇಣದ ಬಣ್ಣ ಹಚ್ಚಿ, ಹತ್ತಿಯಲ್ಲಿ ಎಣ್ಣೆ ಸವರಿ, ಏರೋಪ್ಲೇನ್ ಚಿಟ್ಟೆಗೆ ರೆಕ್ಕೆ ಕತ್ತರಿಸಿದೆವು. ಜಾಸ್ತಿ ಎಣ್ಣೆಯಾದರೆ ಬೆರಳಿಗೆಲ್ಲ ಅಂಟುತ್ತೆ, ಹಳೇ ಪೇಪರ್ ನಡುವೆ ಒತ್ತಿ ತೆಗೆಯಬೇಕು. ಎಣ್ಣೆ ಕುಡಿದ ಕಾಗದಕ್ಕೆ ಮಳೆಗಾಲದ ತೇವವೂ ಅಷ್ಟಾಗಿ ತಾಗಲಿಲ್ಲ. ಮೊದಲ ದಿನವೇ ಇದು ಹೊಳೆದಿದ್ದರೆ! ಮಿಂಚುಹುಳಕ್ಕೆ ಮಾತ್ರ ರಟ್ಟೇ ಸಾಕಾಯಿತು. ಹೊಟ್ಟೆಯ ತುದಿಯಲ್ಲಿ ತೂತು ಮಾಡಿ ಹಸಿರು ಚಾಕ್ಲೇಟ್ ಕಾಗದ ಮುಚ್ಚಿದೆವು, ಟಾರ್ಚಿಗೆ ಅಂಗೈ ಅಡ್ಡ ಹಿಡಿದು ತೆಗೆದರೆ ಮಿಣಕ್ ಮಿಣಕ್.

ಶಾಲೆ ಶುರುವಾದ ಮೇಲೆ ಗೊಂಬೆಗಳನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟಿದ್ದೇವೆ. ಬೋರರ್ ಅಲ್ಲಿಲ್ಲ. ಅದನ್ನು ಲೈನ್ ಮನೆಯ ದೊಡ್ಡ ಹುಡುಗಿ ಕೇಳಿ ತೆಗೆದುಕೊಂಡು ಹೋಗಿದ್ದಳು. ಅವಳಪ್ಪ ಪ್ರತಿವರ್ಷ ಬೋರರ್ ಟ್ರೇಸಿಂಗ್‌ಗೆ ಹೋಗುವವರು, ಹುಳ ಹೊಡೆದ ಗಿಡ ಹುಡುಕಿ ಕಿತ್ತು ಸುಡುವ ಕೆಲಸ. ಗೊಂಬೆಯನ್ನು ದೀಪದ ಹತ್ತಿರ ಹಿಡಿದು, ಪಟ್ಟೆ ನೋಡಿ, ಕಾಲು ಎಣಿಸಿ, "ಸರಿಯಾಗೇ ಮಾಡಿದ್ದೀರಿ, ಇನ್ನು ಒಲೆಗೆ ಹಾಕು" ಅಂದರಂತೆ.